ಸುತ್ತಿಗೆ ಬೀಳುವ ಮೊದಲು: ಮುಂಬಯಿಯಲ್ಲಿ ಹಳೇ ಫ್ಲ್ಯಾಟ್ ರಿಪೇರಿಗೆ ಇಳಿಯುವವರಿಗೆ

ಮುಲುಂಡ್, ಚೆಂಬೂರು, ಡೊಂಬಿವಿಲಿ ಕಡೆ ನಮ್ಮವರ ಮಕ್ಕಳು ಈಗ ರೀಸೇಲ್ ಫ್ಲ್ಯಾಟ್ ತಗೊಳ್ಳುವುದೇ ಜಾಸ್ತಿ. ಹೊಸ ಬಿಲ್ಡಿಂಗಿನ ರೇಟು ಕೇಳಿದರೆ ತಲೆ ಸುತ್ತುತ್ತದೆ, ಅಲ್ವಾ? ಕೀಲಿಕೈ ಕೈಗೆ ಬಂದ ಕೂಡಲೇ ನನಗೆ ಫೋನ್ ಬರುತ್ತದೆ. "ದೊಡ್ಡಮ್ಮ, ಕಿಚನ್‌ಗೆ ಯಾವ ಬಣ್ಣದ ಲ್ಯಾಮಿನೇಟ್ ಹಾಕಿಸಲಿ?" ಬಣ್ಣದ ಮಾತು ಆಮೇಲೆ. ಬಾತ್‌ರೂಮಿನ ಪೈಪು ಎಷ್ಟು ವರ್ಷದ್ದು, ಅದನ್ನು ಮೊದಲು ಹೇಳಿ ಅನ್ನುತ್ತೇನೆ. ಈ ಊರಲ್ಲಿ ಮನೆ ಕೆಡಿಸುವುದು ನೀರು. ಕೈಯಲ್ಲಿರುವ ದುಡ್ಡು ಮೊದಲು ನೀರಿನ ಕೆಲಸಕ್ಕೆ ಹೋಗಬೇಕು, ಆಮೇಲೆ ಕರೆಂಟಿಗೆ. ಉಳಿದದ್ದರಲ್ಲಿ ಅಲಂಕಾರ ಮಾಡಿಕೊಳ್ಳಿ, ಯಾರು ಬೇಡ ಅಂದರು?

ಅದಕ್ಕೂ ಮೊದಲು ಬಿಲ್ಡಿಂಗಿನ ಸೊಸೈಟಿ, ಅಂದರೆ ಫ್ಲ್ಯಾಟಿನವರ ಸಂಘದ ಆಫೀಸಿಗೆ ಹೋಗಿ ಒಂದು ವಿಷಯ ಕೇಳಿ. ರೀಡೆವಲಪ್‌ಮೆಂಟ್, ಅಂದರೆ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆಯಾ? ಬಿಲ್ಡರ್ ಹೆಸರು ಮೀಟಿಂಗಿನಲ್ಲಿ ಬಂದಾಗಿದ್ದರೆ, ಸುಮ್ನೆ ಬಣ್ಣ ಬಳಿಸಿ, ನಲ್ಲಿ ರಿಪೇರಿ ಮಾಡಿಸಿ ಇದ್ದುಬಿಡಿ. ಒಡೆದು ಹಾಕುವ ಗೋಡೆಗೆ ಇಟಾಲಿಯನ್ ಮಾರ್ಬಲ್ ಯಾಕೆ ಮಾರಾಯ್ರೆ? ಮುಂಬಯಿ ಪಾಲಿಕೆಯ ಹದ್ದಿನಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಎಂಬ ಇಂಜಿನಿಯರಿನ ತಪಾಸಣೆ, ಕಡ್ಡಾಯ. ಆ ರಿಪೋರ್ಟಿನ ಪ್ರತಿ ಕೇಳಿ ಪಡೆದು ಓದಿ. ನಿಮ್ಮ ಮನೆಯ ಯಾವ ಕಂಬ, ಯಾವ ಬೀಮು ಸೊರಗಿದೆ ಎಂಬುದು ಅದರಲ್ಲೇ ಇರಬಹುದು.

ಕಂಬ, ಬೀಮು, ಸ್ಲ್ಯಾಬ್ ಮುಟ್ಟುವ ಹಾಗೇ ಇಲ್ಲ. ನಡುವಿನ ಗೋಡೆ ತೆಗೆದು ಹಾಲ್ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಅದು ಭಾರ ಹೊರುವ ಗೋಡೆಯಾ ಅಲ್ಲವಾ ಅಂತ ಲೈಸೆನ್ಸ್ ಇರುವ ಸ್ಟ್ರಕ್ಚರಲ್ ಇಂಜಿನಿಯರ್ ಹೇಳಬೇಕು, ಬರವಣಿಗೆಯಲ್ಲಿ. ಕಾಂಟ್ರಾಕ್ಟರ್ "ಹೋ ಜಾಯೇಗಾ" ಅಂದರೆ ಸಾಲದು. ಹೊಸ ಗೋಡೆ ಬೇಕಾದರೆ ಇಟ್ಟಿಗೆ ಬೇಡ, ಸಿಪೋರೆಕ್ಸ್ ಎಂಬ ಗಾಳಿಗುಳ್ಳೆಯ ಕಾಂಕ್ರೀಟ್ ಬ್ಲಾಕಿನಂಥ ಹಗುರದ್ದು ಹಾಕಿಸಿ. ಬಾತ್‌ರೂಮನ್ನು ಬೇರೆ ಜಾಗಕ್ಕೆ ಸರಿಸುವ ಯೋಚನೆಯನ್ನು ಇಲ್ಲೇ ಬಿಡಿ. ನಿಮ್ಮ ಸಂಡಾಸು ಕೆಳಗಿನವರ ಅಡುಗೆಮನೆಯ ನೆತ್ತಿಯ ಮೇಲೆ ಕೂರುತ್ತದೆ.

ಯಾವಾಗ ಶುರು ಮಾಡುವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಪ್ಲಾಸ್ಟರ್, ಪುಟ್ಟಿ ಒಣಗುವುದಿಲ್ಲ, ಅದರ ಮೇಲೆ ಬಣ್ಣ ಬಳಿದರೆ ಗುಳ್ಳೆ ಏಳುತ್ತದೆ. ಗಣಪತಿ ಹಬ್ಬಕ್ಕೆ ಕೊಂಕಣದ ಗಾರೆಯವರು ಊರಿಗೆ ಹೋಗುತ್ತಾರೆ, ದೀಪಾವಳಿಗೂ ಹೋಳಿಗೂ ಯುಪಿ, ಬಿಹಾರದ ಬಡಗಿಗಳು ರೈಲು ಹತ್ತುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಪಕ್ಕದ ಮನೆಯ ಹುಡುಗಿ ಹತ್ತನೇ ಕ್ಲಾಸಿಗೆ ಓದುತ್ತಿರುವಾಗ ನೀವು ಡ್ರಿಲ್ ಹಿಡಿದರೆ ಜಗಳ ಗ್ಯಾರಂಟಿ. ಹಾಗಾಗಿ ದೀಪಾವಳಿ ಮುಗಿದ ಮೇಲೆ ಶುರು ಮಾಡಿ, ಒಡೆಯುವ ಕೆಲಸ ಹೊಸ ವರ್ಷದೊಳಗೆ ಮುಗಿಸುವುದೇ ನನ್ನ ಲೆಕ್ಕದಲ್ಲಿ ಒಳ್ಳೆಯದು.

ಒಡೆಯುವ ಮೊದಲು ಖಾಲಿ ಮನೆಯಲ್ಲಿ ಒಂದು ಭಾನುವಾರ ಕಳೆಯಿರಿ. ಸೀಮೆಸುಣ್ಣ, ಅಳತೆ ಟೇಪು ತಗೊಂಡು ಹೋಗಿ. ಮಂಚ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲವನ್ನೂ ನೆಲದ ಮೇಲೆ ಅಳತೆಗೆ ಸರಿಯಾಗಿ ಬರೆಯಿರಿ. ಫ್ರಿಜ್ಜಿನ ಬಾಗಿಲು ತೆರೆಯುವ ಅರ್ಧ ವೃತ್ತವನ್ನೂ ಬರೆಯಿರಿ, ಅದು ಎಷ್ಟೋ ಮನೆಯಲ್ಲಿ ಗೋಡೆಗೆ ಬಡಿಯುತ್ತದೆ. ಆಮೇಲೆ ಅಡುಗೆಕಟ್ಟೆಯ ಎತ್ತರ. ಕಾಂಟ್ರಾಕ್ಟರುಗಳು ಎಲ್ಲರಿಗೂ ಒಂದೇ ಅಳತೆ ಹಾಕುತ್ತಾರೆ. ದಿನಾ ಅಡುಗೆ ಮಾಡುವವರು ಗೋಡೆ ಪಕ್ಕ ನಿಂತು ಮೊಣಕೈ ಮಡಚಿ, ಅದಕ್ಕಿಂತ ನಾಲ್ಕರಿಂದ ಆರು ಇಂಚು ಕೆಳಗೆ ಗೆರೆ ಎಳೆಯಲಿ. ಅದೇ ನಿಮ್ಮ ಕಟ್ಟೆ. ಗಂಡ ಹೆಂಡತಿ ಇಬ್ಬರೂ ಅಡುಗೆ ಮಾಡುತ್ತೀರಾ? ಸೌಟು ಹೆಚ್ಚು ಹಿಡಿಯುವವರ ಅಳತೆಗೇ ಇರಲಿ. ಸ್ವಿಚ್ ಬೋರ್ಡ್ ಎಲ್ಲಿ ಬೇಕು ಅಂತಲೂ ಗೋಡೆ ಮೇಲೆ ಗುರುತು ಹಾಕಿ. ಮಿಕ್ಸಿ, ಗ್ರೈಂಡರು, ವಾಟರ್ ಫಿಲ್ಟರು, ದೇವರ ದೀಪದ ಬಲ್ಬು, ಎಲ್ಲ ನೆನಪಿಸಿಕೊಳ್ಳಿ. ಗೋಡೆ ಮುಚ್ಚಿದ ಮೇಲೆ ಒಂದು ಪ್ಲಗ್ ಪಾಯಿಂಟ್ ಸೇರಿಸುವುದೂ ದುಬಾರಿ.

ಈಗ ಬಾತ್‌ರೂಮು. ನಮ್ಮ ಬಿಲ್ಡಿಂಗಿನಲ್ಲಿ ಮೇಲಿನವರು ಕೆಳಗಿನವರು ಮಾತು ಬಿಟ್ಟಿರುವುದು ಇದೊಂದೇ ಕಾರಣಕ್ಕೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಟೆರೇಸಿನ ಸೋರಿಕೆ ಸೊಸೈಟಿ ಖರ್ಚು. ಟಾಯ್ಲೆಟ್, ಸಿಂಕಿನ ಸೋರಿಕೆ ಆಯಾ ಮನೆಯವರ ಖರ್ಚು. ಅಂದರೆ ನಿಮ್ಮ ಜೇಬೇ.

ಹಳೇ ಟೈಲ್ಸ್ ಮೇಲೆ ಹೊಸ ಟೈಲ್ಸ್ ಅಂಟಿಸಿಬಿಡೋಣ, ಬೇಗ ಆಗುತ್ತದೆ ಅನ್ನುವವರು ಸಿಗುತ್ತಾರೆ. ಬಾತ್‌ರೂಮಿಗೆ ಅದಕ್ಕೆ ಒಪ್ಪಬೇಡಿ. ಸೋರುವುದು ಕೆಳಗಿನ ಪದರದಲ್ಲಿ, ಮೇಲೆ ಮುಚ್ಚಿದರೆ ಕಾಣುವುದಿಲ್ಲ ಅಷ್ಟೇ. ಸ್ಲ್ಯಾಬ್‌ವರೆಗೆ ತೆಗೆಸಿ. ಹಳೇ ಕಬ್ಬಿಣದ ಪೈಪು ಒಳಗೇ ತುಕ್ಕು ಹಿಡಿದಿರುತ್ತದೆ, ಅದನ್ನು ಪೂರ್ತಿ ಕಿತ್ತು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿ. ಅರ್ಧ ಹಳೇದು ಅರ್ಧ ಹೊಸದು ಮಾಡಿದರೆ ಆ ಜಾಯಿಂಟೇ ಮೊದಲು ಸೋರುವುದು. ತಗ್ಗಿನ ಸ್ಲ್ಯಾಬ್ (ಪೈಪು ಹಾಯಿಸಲು ಬಾತ್‌ರೂಮಿನಡಿ ಗುಂಡಿಯಂತೆ ಬಿಟ್ಟದ್ದು) ಇದ್ದರೆ ಅದನ್ನು ತುಂಬಿಸುವಾಗ ನೀವು ಅಲ್ಲೇ ನಿಂತಿರಿ. ಒಡೆದ ಮಲ್ಬಾವನ್ನೇ, ಅಂದರೆ ಇಟ್ಟಿಗೆ ಚೂರು, ಮಣ್ಣನ್ನೇ ಗುಂಡಿಗೆ ಸುರಿದುಬಿಡುವವರಿದ್ದಾರೆ, ಕೆಳಗೆ ಇಳಿಸುವ ಕೂಲಿ ಉಳಿಯುತ್ತದಲ್ಲ! ಆ ಮಣ್ಣು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಗೋಡೆಯೊಳಗಿನ ಪೈಪು ಮುಚ್ಚುವ ಮೊದಲು ಪ್ಲಂಬರ್ ಹತ್ತಿರ ಪ್ರೆಶರ್ ಟೆಸ್ಟ್ ಮಾಡಿಸಿ. ಕೈಪಂಪಿನಿಂದ ನೀರು ಒತ್ತಿ, ಗೇಜಿನ ಮುಳ್ಳು ಎಲ್ಲಿದೆ ಅಂತ ಸಂಜೆ ಫೋಟೋ ತೆಗೆಯಿರಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ಜಿನುಗುತ್ತಿದೆ. ಅದು ಪಾಸಾದ ಮೇಲೆ ಗೋಡೆಗೆ ಟೇಪು ಹಿಡಿದು, ಮೂಲೆಯಿಂದ ಪೈಪು ಎಷ್ಟು ಇಂಚು ದೂರ ಎಂಬುದು ಕಾಣುವ ಹಾಗೆ ಪ್ರತಿ ಗೋಡೆಯ ಫೋಟೋ ಇಟ್ಟುಕೊಳ್ಳಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವ ದಿನ ಆ ಫೋಟೋ ಬೇಕಾಗುತ್ತದೆ.

ವಾಟರ್‌ಪ್ರೂಫಿಂಗ್ ನೆಲಕ್ಕೆ ಮಾತ್ರ ಸಾಲದು. ಗೋಡೆ ಸುತ್ತ ಒಂದು ಅಡಿ, ಸ್ನಾನ ಮಾಡುವ ಕಡೆ ಆಳೆತ್ತರಕ್ಕೆ ಬರಬೇಕು. ನೆಲ, ಗೋಡೆ ಸೇರುವ ಮೂಲೆ ಗುಂಡಗೆ ಮಾಡಿಸಿ, ಬಿರುಕು ಬಿಡುವುದು ಅಲ್ಲೇ. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ತೂತಿನ) ಸುತ್ತ ಎರಡು ಸಲ ನೋಡಿ. ಆಮೇಲೆ ಟ್ರ್ಯಾಪಿಗೆ ಬಿರಡೆ ಹಾಕಿ ಎರಡು ಮೂರು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಡಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಅವರ ಸೀಲಿಂಗ್ ನೀವೇ ಹೋಗಿ ನೋಡಿ ಬನ್ನಿ. ಹೋಗುವಾಗ ಒಂದು ಪೊಟ್ಟಣ ಚಕ್ಕುಲಿ ತಗೊಂಡು ಹೋದರೆ ನಷ್ಟವೇನಿಲ್ಲ. ಟೈಲ್ಸ್ ಹಾಕುವುದು ಈ ಪರೀಕ್ಷೆ ಆದ ಮೇಲೆ. ಟೈಲ್ಸ್ ಕೂತ ಮೇಲೆ ಒಂದು ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದಕ್ಕೆ ಗುರುತು ಹಾಕಿ ಬದಲಾಯಿಸಿ. ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿದರೆ ಅದು ತಾನಾಗಿ ಟ್ರ್ಯಾಪಿಗೆ ಹೋಗಬೇಕು, ವೈಪರ್ ಹಿಡಿಯುವ ಕೆಲಸ ಇರಬಾರದು. ನೆಲಕ್ಕೆ ಜಾರದ ಟೈಲ್ಸೇ ಇರಲಿ. ಊರಿಂದ ಅತ್ತೆ ಮಾವ ಬರುತ್ತಾರೆ.

ಕರೆಂಟಿನ ಕೆಲಸ ಇಷ್ಟು ಉದ್ದ ಇಲ್ಲ. ಹಳೇ ಮನೆಯ ವೈರು ಎಸಿ, ಗೀಸರ್ ಕಾಲದ್ದಲ್ಲ. ಲೈಟು ಫ್ಯಾನಿಗೆ 1.5, ಪ್ಲಗ್ ಪಾಯಿಂಟಿಗೆ 2.5, ಎಸಿ, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಅಂತ ಕೊಟೇಶನ್ನಿನಲ್ಲೇ ಬರೆಸಿ. ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು, ಶಾಕ್ ಹೊಡೆದಾಗ ಜೀವ ಉಳಿಸುವುದು ಅದು. ಸಾಮಾನು ನೀವೇ ತರುವುದಾದರೆ ಕರೆಂಟಿನ ಸಾಮಾನಿನ ಪೇಟೆ ಲೋಹಾರ್ ಚಾಳಿಗೆ ಒಂದು ಸಲ ಹೋಗಿ ಬನ್ನಿ. ಪೈಪಿನಲ್ಲಿ ಗ್ಯಾಸ್ ಬರುವ ಮನೆಯಾದರೆ ಆ ಪೈಪನ್ನು ಪ್ಲಂಬರ್ ಮುಟ್ಟಬಾರದು. ಗ್ಯಾಸ್ ಕಂಪನಿಯವರೇ ಬಂದು ಸರಿಸಬೇಕು, ಗೋಡೆಯೊಳಗೆ ಹುದುಗಿಸುವುದಂತೂ ಬೇಡ.

ಪ್ಲೈವುಡ್ ವಿಷಯ: ಸಿಂಕಿನ ಕೆಳಗೆ, ಬಾತ್‌ರೂಮಿನ ಬಾಗಿಲ ಹತ್ತಿರ ಐಎಸ್ 710 ಎಂಬ ಗುಣಮಟ್ಟದ ಮುದ್ರೆ ಇರುವ, ನೀರು ತಡೆಯುವ ಮೆರೀನ್ ಪ್ಲೈ. ಬೆಡ್‌ರೂಮಿನ ಕಪಾಟಿಗೆ ಐಎಸ್ 303 ಸಾಕು. ಹಲಗೆ ಕತ್ತರಿಸುವ ಮೊದಲೇ ಮುದ್ರೆ ನೋಡಿ.

ದುಡ್ಡಿಗೆ ಬರೋಣ. ಮೂರು ಕಡೆ ಕೊಟೇಶನ್ ಕೇಳಿ, ಆದರೆ ಒಂದೇ ಪಟ್ಟಿ ಕೊಟ್ಟು ಕೇಳಿ. ಇಲ್ಲದಿದ್ದರೆ ಒಬ್ಬರು ಮಲ್ಬಾ ಸಾಗಿಸುವುದನ್ನು ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ, ನಿಮಗೆ ಬಿಟ್ಟವನೇ ಅಗ್ಗ ಅನಿಸುತ್ತದೆ. 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೇಳಿ. ಸಾಮಾನು ಲಿಫ್ಟಿನಲ್ಲಿ ಬಿಡುತ್ತಾರಾ? ಇಲ್ಲದಿದ್ದರೆ ಮಹಡಿ ಲೆಕ್ಕದಲ್ಲಿ ಹೊರುವ ಕೂಲಿ ಬೇರೆ. ಒಟ್ಟು ಬಜೆಟ್ಟಿನಲ್ಲಿ 15% ಪಕ್ಕಕ್ಕಿಟ್ಟು ಅದನ್ನು ಮರೆತುಬಿಡಿ, ಗೋಡೆ ಒಡೆದ ದಿನ ಅದು ತಾನಾಗಿ ನೆನಪಾಗುತ್ತದೆ. ದಿನ ಲೆಕ್ಕದಲ್ಲಿ ದುಡ್ಡು ಕೊಡಬೇಡಿ, ಮುಗಿದ ಕೆಲಸದ ಲೆಕ್ಕದಲ್ಲಿ ಕೊಡಿ. ಪ್ಲಂಬಿಂಗ್ ಟೆಸ್ಟ್ ಪಾಸಾಯಿತು, ಇಷ್ಟು. ಟೈಲ್ಸ್ ಮುಗಿಯಿತು, ಇಷ್ಟು. ಕೊನೆಯ 10% ಎಲ್ಲ ನಲ್ಲಿ, ಎಲ್ಲ ಡ್ರಾಯರ್ ತೆರೆದು ಮುಚ್ಚಿ ನೋಡಿದ ಮೇಲೆ. ಟೈಲ್ಸ್ ತರುವಾಗ 10% ಜಾಸ್ತಿ ತನ್ನಿ, ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇರಲಿ. ಉಳಿದದ್ದನ್ನು ಲಾಫ್ಟಿನಲ್ಲಿಡಿ, ಅದೇ ಡಿಸೈನ್ ಮುಂದೆ ಸಿಗುವುದಿಲ್ಲ.

ಕೆಲಸಕ್ಕೆ ಅನುಮತಿ ಕೇಳಿ ಸೊಸೈಟಿಗೆ ಕೊಡುವ ಅರ್ಜಿಯ ಜೊತೆ ಡೆಪಾಸಿಟ್ ಕಟ್ಟುತ್ತೀರಲ್ಲ, ಅದರ ರಸೀದಿ ಜೋಪಾನ. ಕೆಲಸ ಶುರುವಾಗುವ ಮೊದಲೇ ಲಿಫ್ಟ್, ಮೆಟ್ಟಿಲು, ಪ್ಯಾಸೇಜಿನ ಫೋಟೋ ತಾರೀಖಿನ ಸಮೇತ ತೆಗೆದು ಸೆಕ್ರೆಟರಿಗೆ ಕಳಿಸಿಡಿ. ಕೆಲಸ ಮುಗಿದ ವಾರವೇ ಡೆಪಾಸಿಟ್ ವಾಪಸ್ ಕೇಳಿ ಅರ್ಜಿ ಕೊಡಿ. ತಡ ಮಾಡಿದರೆ ಕಮಿಟಿ ಬದಲಾಗಿರುತ್ತದೆ, ಹೊಸಬರು ಮೆಟ್ಟಿಲಿನ ಹಳೇ ಬಿರುಕನ್ನೆಲ್ಲ ನಿಮ್ಮ ಲೆಕ್ಕಕ್ಕೆ ಬರೆಯುತ್ತಾರೆ.