ಸಣ್ಣ ನಾಡು ದೊಡ್ಡ ಒಕ್ಕೂಟ ಬಿಡಬೇಕಾ? ಉತ್ತರ ಹೇಳುವ ಮೊದಲು ತೂಗಿ ನೋಡುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್, ಐಎಎಸ್ ಅಂತ ಓದುತ್ತಿರುವವರಿಗೆ, ಕಾಲೇಜಿನ ಚರ್ಚಾ ಸ್ಪರ್ಧೆಗೆ ಹೆಸರು ಕೊಟ್ಟವರಿಗೆ, ಸಂಜೆ ಗಿರ್ಮಿಟ್ ಮಿರ್ಚಿ ಮುಂದಿಟ್ಟುಕೊಂಡು ಜಗತ್ತಿನ ಸುದ್ದಿ ಮಾತಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಕಾಟ್ಲೆಂಡ್ ಬ್ರಿಟನ್ ಬಿಡಬೇಕಾ? ಕೆಟಲೋನಿಯಾ ಸ್ಪೇನ್ ಬಿಡಬೇಕಾ? ಈ ಪ್ರಶ್ನೆ ಎದ್ದ ಕೂಡಲೇ ಎರಡು ಉತ್ತರ ಸಿದ್ಧ ಇರುತ್ತವೆ. "ಸ್ವಾತಂತ್ರ್ಯ ಕೇಳಿದರೆ ಕೊಡಲೇಬೇಕು" ಅನ್ನುವವರು ಒಂದು ಕಡೆ. "ಒಡೆಯುವ ಮಾತೇ ಕೆಟ್ಟದ್ದು" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಆ ನಾಡಿನ ಬಗ್ಗೆ ಒಂದು ಸಾಲೂ ಓದದೆ ಹೀಗೆ ಹೇಳಿಬಿಡಬಹುದು, ನನಗೆ ಬೇಜಾರಾಗುವುದು ಅಲ್ಲೇ. ಅಲ್ಲಿ ಲಕ್ಷಗಟ್ಟಲೆ ಜನರ ಪೆನ್ಷನ್, ನೌಕರಿ, ಪಾಸ್‌ಪೋರ್ಟ್ ಎಲ್ಲ ಈ ಪ್ರಶ್ನೆಯ ಮೇಲೆ ನಿಂತಿರುತ್ತವೆ.

ಶುರು ಮಾಡುವ ಮೊದಲು ಒಂದು ಗೆರೆ ಎಳೆದುಕೊಳ್ಳಿ. ನಮ್ಮಲ್ಲಿ ಈ ವಿಷಯ ಎತ್ತಿದರೆ ಐದು ನಿಮಿಷದಲ್ಲಿ ಮಾತು ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯದ ಕಡೆ ತಿರುಗುತ್ತದೆ. ಅದು ಬೇರೆ ಪ್ರಶ್ನೆ. ಒಂದೇ ದೇಶದೊಳಗೆ ಹೊಸ ರಾಜ್ಯ ಮಾಡುವುದಕ್ಕೆ ನಮ್ಮ ಸಂವಿಧಾನದ 3ನೇ ವಿಧಿ ಇದೆ, ಸಂಸತ್ತು ಕಾನೂನು ಮಾಡಿದರೆ ಆಯಿತು, ತೆಲಂಗಾಣ 2014ರಲ್ಲಿ ಹಾಗೇ ಆಯಿತು. ಸೈನ್ಯ, ನಾಣ್ಯ, ಗಡಿ ಯಾವುದೂ ಬದಲಾಗಲಿಲ್ಲ. ದೇಶವನ್ನೇ ಬಿಡುವುದು ಅಂದರೆ ಇದೆಲ್ಲ ಬದಲಾಗುತ್ತದೆ. ಎರಡನ್ನೂ ಕಲಸಬೇಡಿ.

ಮೊದಲು ದೂರುಗಳ ಪಟ್ಟಿ ಮಾಡಿ

ಒಂದು ಹಾಳೆ ತಗೊಳ್ಳಿ. ಆ ಸಣ್ಣ ನಾಡಿನವರ ದೂರು ಏನೇನು ಅಂತ ಒಂದೊಂದಾಗಿ ಬರೆಯಿರಿ. ಪ್ರತಿ ದೂರಿನ ಪಕ್ಕದಲ್ಲಿ ಮೂರು ಪ್ರಶ್ನೆ ಕೇಳಿ: ಒಕ್ಕೂಟ ಬಿಟ್ಟರೆ ಇದು ಸರಿಹೋಗುತ್ತದಾ? ಒಳಗೇ ಇದ್ದು ಜಾಸ್ತಿ ಅಧಿಕಾರ ಸಿಕ್ಕರೆ ಸರಿಹೋಗುತ್ತದಾ? ಅಥವಾ ಎರಡರಿಂದಲೂ ಸರಿಹೋಗದ ದೂರಾ? ಇಡೀ ಕೆಲಸದಲ್ಲಿ ಇದೇ ಮುಖ್ಯ. ಸಿಟ್ಟು ನಿಜವೇ ಇರಬಹುದು, ಆದರೆ ಆ ಸಿಟ್ಟಿಗೆ ಇದೇ ಮದ್ದು ಅಂತ ಅದರಿಂದ ಗೊತ್ತಾಗುವುದಿಲ್ಲ.

ಎರಡು ಕಥೆ ಅಕ್ಕಪಕ್ಕ ಇಟ್ಟು ನೋಡಿ. ನಾರ್ವೆ 1814ರಿಂದ ಸ್ವೀಡನ್ ಜೊತೆ ಒಬ್ಬನೇ ರಾಜನ ಕೆಳಗೆ ಇತ್ತು. ತನ್ನದೇ ಸಂಸತ್ತು, ತನ್ನದೇ ಸಂವಿಧಾನ ಇತ್ತು, ಆದರೆ ವಿದೇಶಾಂಗ ವ್ಯವಹಾರ ಸ್ವೀಡನ್ ಕೈಯಲ್ಲಿ. ನಾರ್ವೆಯ ಹಡಗುಗಳು ಜಗತ್ತೆಲ್ಲ ಸುತ್ತುತ್ತಿದ್ದವು, ಪರದೇಶದ ಬಂದರುಗಳಲ್ಲಿ ತಮ್ಮ ವ್ಯಾಪಾರ ನೋಡಿಕೊಳ್ಳಲು ತಮ್ಮದೇ ಕಾನ್ಸುಲ್‌ಗಳು ಬೇಕು ಅಂತ ಅವರು ಕೇಳಿದರು. ಸಂಸತ್ತು ಕಾನೂನು ಮಾಡಿತು, ರಾಜ ಒಪ್ಪಲಿಲ್ಲ. 1905ರ ಜೂನ್‌ನಲ್ಲಿ ಸಂಸತ್ತು ಒಕ್ಕೂಟ ಮುಗಿಯಿತು ಅಂತ ಘೋಷಿಸಿತು, ಆಗಸ್ಟ್‌ನಲ್ಲಿ ಜನರನ್ನು ಕೇಳಿದರು. ಬಿಡಬೇಕು ಅಂದವರು 3,68,208 ಮಂದಿ, ಬೇಡ ಅಂದವರು 184. ಆಮೇಲೆ ಎರಡೂ ಕಡೆಯವರು ಕೂತು ಮಾತಾಡಿದರು, ಯುದ್ಧ ಆಗಲಿಲ್ಲ. ಇಲ್ಲಿ ದೂರಿಗೂ ಮದ್ದಿಗೂ ಸರಿಯಾಗಿ ತಾಳೆ ಆಗುತ್ತದೆ. ತಮ್ಮ ಪರವಾಗಿ ಹೊರಗಿನವರ ಜೊತೆ ತಾವೇ ಮಾತಾಡಬೇಕು ಅನ್ನುವವರಿಗೆ ಬೇರೆ ದೇಶವಾಗುವುದೇ ದಾರಿ.

ಈಗ ಪಶ್ಚಿಮ ಆಸ್ಟ್ರೇಲಿಯಾ ನೋಡಿ. 1933ರಲ್ಲಿ ಅಲ್ಲಿ ಮೂರರಲ್ಲಿ ಎರಡು ಪಾಲು ಜನ ಆಸ್ಟ್ರೇಲಿಯಾ ಒಕ್ಕೂಟ ಬಿಡುವುದಕ್ಕೆ ಮತ ಹಾಕಿದರು. ಅದೇ ದಿನ ರಾಜ್ಯದ ಚುನಾವಣೆಯೂ ಇತ್ತು. ಬಿಡಬೇಕು ಅಂತ ಪ್ರಚಾರ ಮಾಡಿದ ಸರ್ಕಾರವನ್ನೇ ಅದೇ ಜನ ಸೋಲಿಸಿ ಮನೆಗೆ ಕಳಿಸಿದರು! ಅವರ ನಿಜವಾದ ನೋವು ದುಡ್ಡಿನದು: ಗೋಧಿ ಬೆಲೆ ಬಿದ್ದಿತ್ತು, ಪೂರ್ವದ ಕಾರ್ಖಾನೆಗಳನ್ನು ಕಾಯುವ ಸುಂಕದ ಭಾರ ತಮ್ಮ ಮೇಲೆ ಬೀಳುತ್ತಿದೆ ಅನ್ನುವ ಸಂಕಟ. ಅದೇ ವರ್ಷ ಹಿಂದುಳಿದ ರಾಜ್ಯಗಳಿಗೆ ಅನುದಾನ ಲೆಕ್ಕ ಹಾಕುವ ಒಂದು ಆಯೋಗ ಬಂತು. ಬೇರೆಯಾಗಲು ಬಿಡಿ ಅಂತ ಅವರು ಕಳಿಸಿದ ಮನವಿಯನ್ನು ಲಂಡನ್ನಿನ ಬ್ರಿಟಿಷ್ ಸಂಸತ್ತು ಕೈಗೆತ್ತಿಕೊಳ್ಳಲಿಲ್ಲ. ನಿಧಾನಕ್ಕೆ ಕೂಗು ತಣ್ಣಗಾಯಿತು. ಹೀಗಾಗಿ ಶೇಕಡಾ ಎಷ್ಟು ಮತ ಬಿತ್ತು ಅಂತ ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ, ಜನ ಯಾವ ನೋವಿಗೆ ಆ ಮತ ಹಾಕಿದರು ಅಂತ ಹುಡುಕಿ.

ಬಿಟ್ಟು ಎಲ್ಲಿಗೆ?

ಇದನ್ನು ಹುಬ್ಬಳ್ಳಿ-ಧಾರವಾಡದವರು ಬೇರೆಯವರಿಂದ ಕಲಿಯಬೇಕಿಲ್ಲ. 1956ಕ್ಕೆ ಮೊದಲು ಈ ಭಾಗ ಮುಂಬೈ ರಾಜ್ಯದಲ್ಲಿತ್ತು. ದೇಶ ಬಿಡುವ ಮಾತು ಇಲ್ಲಿ ಯಾರೂ ಆಡಲಿಲ್ಲ, ಕೇಳಿದ್ದು ಒಂದೇ ದೇಶದೊಳಗೆ ಕನ್ನಡಿಗರೆಲ್ಲ ಒಂದಾಗುವುದನ್ನು. ಆದರೆ ಹೇಗೆ ಕೇಳಿದರು ನೋಡಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, ಆಲೂರು ವೆಂಕಟರಾಯರು ಊರೂರು ತಿರುಗಿದರು, 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂತರು. ಮುಂಬೈಯಿಂದ ಹೊರಗೆ ಬರಬೇಕು ಅನ್ನುವುದು ಅರ್ಧ ಮಾತು, ಯಾರ ಜೊತೆ ಸೇರಬೇಕು ಅನ್ನುವುದು ಇನ್ನರ್ಧ, ಎರಡೂ ಅವರಿಗೆ ಸ್ಪಷ್ಟ ಇತ್ತು. ಆ ಕಡೆ ಹಳೇ ಮೈಸೂರಿನಲ್ಲಿ ಒಂದಷ್ಟು ಜನರಿಗೆ ಹೆದರಿಕೆ ಇತ್ತು, ಹಿಂದುಳಿದ ಭಾಗಗಳು ಬಂದು ಸೇರಿದರೆ ನಮ್ಮ ಪಾಲು ಕಡಿಮೆಯಾಗುತ್ತದೆ ಅಂತ. ಆ ಹೆದರಿಕೆಗೂ ಉತ್ತರ ಕೊಡಬೇಕಾಯಿತು.

ಹಾಗಾಗಿ ಸ್ಕಾಟ್ಲೆಂಡ್ ಬಗ್ಗೆ ಮಾತಾಡುವಾಗಲೂ ಇದನ್ನೇ ಕೇಳಿ. ಬ್ರಿಟನ್ ಬಿಟ್ಟರೆ ಐರೋಪ್ಯ ಒಕ್ಕೂಟ ಸೇರುತ್ತಾರಾ? ಸೇರಿಸಿಕೊಳ್ಳುವವರು ಏನು ಷರತ್ತು ಹಾಕುತ್ತಾರೆ? ಸ್ಪೇನ್ ತನ್ನ ಕೆಟಲೋನಿಯಾ ನೆನೆಸಿಕೊಂಡು ತಕರಾರು ಮಾಡುತ್ತದಾ? ಇಂಗ್ಲೆಂಡ್ ಗಡಿಯಲ್ಲಿ ಲಾರಿಗಳನ್ನು ನಿಲ್ಲಿಸಿ ತಪಾಸಣೆ ಮಾಡಬೇಕಾ?

ದುಡ್ಡಿನ ಲೆಕ್ಕ

ಇಲ್ಲಿ ಬಹಳ ಜನ ಬೇಸರಪಟ್ಟು ಎದ್ದು ಹೋಗುತ್ತಾರೆ. ಕೂತುಕೊಳ್ಳಿ, ಅಸಲು ವಿಷಯ ಇದೇ. ಮೊದಲ ಪ್ರಶ್ನೆ, ಯಾವ ನಾಣ್ಯ? ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪರ ಇದ್ದವರು 2013ರಲ್ಲಿ ನೂರಾರು ಪುಟದ ಯೋಜನೆ ಹೊರತಂದರು, ಪೌಂಡನ್ನೇ ಹಂಚಿಕೊಂಡು ಬಳಸುತ್ತೇವೆ ಅಂದರು. 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಅದು ಆಗದು ಅಂತ ಹೇಳಿದರು. ಅಲ್ಲಿಂದ ಮುಂದೆ ಪ್ರಚಾರದ ಉದ್ದಕ್ಕೂ ಇದೊಂದು ಪ್ರಶ್ನೆ ಬೆನ್ನು ಬಿಡಲಿಲ್ಲ.

ನಾಣ್ಯ ಹಂಚಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದಕ್ಕೆ ಚೆಕೊಸ್ಲೊವಾಕಿಯಾ ಸಾಕು. 1993ರ ಜನವರಿ 1ರಂದು ಅದು ಚೆಕ್ ಮತ್ತು ಸ್ಲೊವಾಕ್ ಅಂತ ಎರಡಾಯಿತು. ಜಗಳ ಇಲ್ಲ, ರಕ್ತ ಇಲ್ಲ, ಸೊತ್ತನ್ನು ಬಹುಪಾಲು ಜನಸಂಖ್ಯೆ ನೋಡಿ ಎರಡಕ್ಕೆ ಒಂದರಂತೆ ಹಂಚಿದರು. ಸ್ವಲ್ಪ ಕಾಲ ಒಂದೇ ನಾಣ್ಯ ಇರಲಿ ಅಂದುಕೊಂಡಿದ್ದರು. ಜನ ತಮ್ಮ ದುಡ್ಡನ್ನು ಚೆಕ್ ಬ್ಯಾಂಕುಗಳ ಕಡೆ ಸಾಗಿಸತೊಡಗಿದರು, ಫೆಬ್ರವರಿಯಲ್ಲೇ ಆ ವ್ಯವಸ್ಥೆ ಮುಗಿದು ಹಳೇ ನೋಟುಗಳ ಮೇಲೆ ಸ್ಟಾಂಪ್ ಅಂಟಿಸಿ ಬೇರೆ ಮಾಡಬೇಕಾಯಿತು. ಇಷ್ಟು ಸ್ನೇಹದಿಂದ ಬೇರೆಯಾದವರ ಕಥೆಯೇ ಹೀಗೆ. ಆದರೂ ಇಬ್ಬರೂ ಮುಂದೆ ಚೆನ್ನಾಗಿಯೇ ಬದುಕಿದರು, 2004ರಲ್ಲಿ ಇಬ್ಬರೂ ಐರೋಪ್ಯ ಒಕ್ಕೂಟ ಸೇರಿದರು, ಸ್ಲೊವಾಕಿಯಾ 2009ರಲ್ಲಿ ಯೂರೋ ತಗೊಂಡಿತು. ಕಷ್ಟ ಇದೆ ಅಂದ ಮಾತ್ರಕ್ಕೆ ಆಗುವುದೇ ಇಲ್ಲ ಅಂತ ಬರೆಯಬೇಡಿ.

ಎರಡನೇ ಪ್ರಶ್ನೆ, ಆದಾಯ ಯಾವುದರ ಮೇಲೆ ನಿಂತಿದೆ? ಒಂದೇ ವಸ್ತುವಿನ ಮೇಲೆ ನಿಂತಿದ್ದರೆ ಅದರ ಬೆಲೆಯ ಹತ್ತು ವರ್ಷದ ಏರಿಳಿತ ನೋಡಿ. 2014ರ ನಡುವಿನಲ್ಲಿ ಒಂದು ಬ್ಯಾರೆಲ್ ಕಚ್ಚಾ ತೈಲಕ್ಕೆ 100 ಡಾಲರ್ ಮೇಲಿತ್ತು. 2016ರ ಜನವರಿ ಹೊತ್ತಿಗೆ 30 ಡಾಲರಿಗೂ ಕೆಳಗೆ ಬಿತ್ತು. ಸ್ಕಾಟ್ಲೆಂಡ್ ಉತ್ತರ ಸಮುದ್ರದ ತೈಲ ನಂಬಿ ಬಜೆಟ್ ಬರೆದಿದ್ದರೆ ಹೊಸ ದೇಶದ ಮೊದಲ ವರ್ಷವೇ ಏನಾಗುತ್ತಿತ್ತು ಅಂತ ಯೋಚಿಸಿ.

ಮೂರನೆಯದು, ಹಂಚಲಾಗದ ವಸ್ತುಗಳು. ಅಣ್ಣತಮ್ಮಂದಿರು ಪಾಲಾದಾಗ ಹೊಲಕ್ಕೆ ಬದು ಹಾಕಬಹುದು, ಉತಾರದಲ್ಲಿ ಹೆಸರು ಬೇರೆ ಮಾಡಿಸಬಹುದು, ಬಾವಿ ಮಾತ್ರ ಒಬ್ಬನ ಹೊಲದಲ್ಲೇ ಉಳಿಯುತ್ತದೆ. ದಕ್ಷಿಣ ಸುಡಾನ್ ಕಥೆ ಹಾಗೇ ಆಯಿತು. 2011ರ ಜನವರಿಯಲ್ಲಿ ಶೇ. 98.83 ಜನ ಬೇರೆಯಾಗಲು ಮತ ಹಾಕಿದರು, ಜುಲೈ 9ಕ್ಕೆ ಹೊಸ ದೇಶ ಆಯಿತು. ತೈಲ ಹೆಚ್ಚಾಗಿ ದಕ್ಷಿಣದ ನೆಲದಲ್ಲಿ, ಅದನ್ನು ಸಮುದ್ರಕ್ಕೆ ಒಯ್ಯುವ ಪೈಪ್‌ಲೈನ್ ಉತ್ತರದ ಸುಡಾನಿನಲ್ಲಿ. ಬಾಡಿಗೆ ಜಗಳಕ್ಕೆ 2012ರ ಜನವರಿಯಲ್ಲಿ ತೈಲ ತೆಗೆಯುವುದನ್ನೇ ನಿಲ್ಲಿಸಿದರು, ಸರ್ಕಾರದ ಆದಾಯವೆಲ್ಲ ಹೆಚ್ಚುಕಡಿಮೆ ಅದರಿಂದಲೇ ಬರುತ್ತಿತ್ತು. ಇತ್ತ ಸಿಂಗಾಪುರ 1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ನೀರಿನ ಒಪ್ಪಂದಗಳನ್ನು ಬೇರೆಯಾಗುವ ಪತ್ರದಲ್ಲೇ ಸೇರಿಸಿಕೊಂಡಿತು. 1962ರ ಒಪ್ಪಂದ 2061ರವರೆಗೆ ಇದೆ. ನರಗುಂದ, ನವಲಗುಂದದವರಿಗೆ ಇದರ ಬೆಲೆ ಗೊತ್ತು. ಒಂದೇ ದೇಶದ ಎರಡು ರಾಜ್ಯಗಳ ನಡುವೆ, ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟ ಮೇಲೂ ಮಹದಾಯಿ ಜಗಳ ಮುಗಿಯಲಿಲ್ಲ. ಎರಡು ದೇಶ ಅಂದರೆ ತೀರ್ಪು ಕೊಡುವವರು ಯಾರು?

ಸೈನ್ಯ, ಧ್ವಜ, ರಾಷ್ಟ್ರಗೀತೆ, ಒಲಿಂಪಿಕ್ಸ್ ತಂಡ, ಇವುಗಳ ಮೇಲೆ ಜಾಸ್ತಿ ಹೊತ್ತು ಹಾಕಬೇಡಿ. ಹೇಗೋ ಆಗುತ್ತವೆ.

ಸಣ್ಣವರೊಳಗಿನ ಸಣ್ಣವರು

ಕ್ವಿಬೆಕ್ 1995ರಲ್ಲಿ ಕೆನಡಾ ಬಿಡುವ ಮತಕ್ಕೆ ಹೋದಾಗ, ಅದರ ಉತ್ತರ ಭಾಗದ ಮೂಲನಿವಾಸಿ ಕ್ರೀ ಜನ ಕೆಲವು ದಿನ ಮೊದಲೇ ತಮ್ಮದೇ ಒಂದು ಮತದಾನ ಇಟ್ಟುಕೊಂಡರು. ಶೇ. 96 ಮಂದಿ ಕೆನಡಾದಲ್ಲೇ ಇರುತ್ತೇವೆ ಅಂದರು. ಕೆನಡಾ ಒಡೆಯಬಹುದಾದರೆ ಕ್ವಿಬೆಕ್ ಯಾಕೆ ಒಡೆಯಬಾರದು ಅನ್ನುವ ಪ್ರಶ್ನೆ ಆಗ ನೇರವಾಗಿ ಎದುರಿಗೆ ಬಂತು. ಸ್ವಾತಂತ್ರ್ಯದ ಪರ ವಾದ ಮಾಡುವವರು ಇದಕ್ಕೆ ಉತ್ತರ ಇಟ್ಟುಕೊಂಡೇ ಬರಬೇಕು. ತಮಗಾಗಿ ಕೇಳುವ ಹಕ್ಕನ್ನು ತಮ್ಮೊಳಗಿನ ಸಣ್ಣ ಗುಂಪಿಗೆ ಕೊಡುವುದಿಲ್ಲ ಅಂದರೆ ಆ ವಾದಕ್ಕೆ ಬಲ ಉಳಿಯುವುದಿಲ್ಲ.

ಕೇಳುವ ರೀತಿ

ಮತದಾನ ಅಂದರೆ ಸುಮ್ನೆ ಪೆಟ್ಟಿಗೆ ಇಡುವುದಲ್ಲ. ನಾಲ್ಕು ಸಂಗತಿ ಪರೀಕ್ಷಿಸಿ: ಪ್ರಶ್ನೆ ಸ್ಪಷ್ಟ ಇದೆಯಾ, ಯಾರಿಗೆ ಮತ, ಎಷ್ಟು ಬಿದ್ದರೆ ಗೆದ್ದಂತೆ, ಎರಡೂ ಕಡೆ ಮೊದಲೇ ಒಪ್ಪಿದ್ದಾರಾ. ಸ್ಕಾಟ್ಲೆಂಡ್ 2014ರಲ್ಲಿ ಇದನ್ನು ಬಹುಮಟ್ಟಿಗೆ ಚೆನ್ನಾಗಿ ಮಾಡಿತು. 2012ರಲ್ಲೇ ಎರಡೂ ಸರ್ಕಾರ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಸಹಿ ಹಾಕಿದವು. ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕಾ ಅಂತ ಒಂದೇ ಸಾಲಿನ ಪ್ರಶ್ನೆ. 16 ವರ್ಷದವರಿಗೂ ಮತ. ಶೇ. 84.6 ಜನ ಬಂದರು, ಬೇಡ ಅಂದವರು ಶೇ. 55.3, ಬೇಕು ಅಂದವರು ಶೇ. 44.7. ಸೋತವರೂ ಫಲಿತಾಂಶ ಒಪ್ಪಿದರು.

ಕ್ವಿಬೆಕ್‌ನಲ್ಲಿ 1995ರ ಪ್ರಶ್ನೆ ಉದ್ದವಾಗಿತ್ತು, ಕೆನಡಾ ಜೊತೆ ಹೊಸ ಪಾಲುದಾರಿಕೆಯ ಮಾತೂ ಅದರಲ್ಲಿ ಸೇರಿಕೊಂಡಿತ್ತು. ಬೇಡ ಅಂದವರು ಶೇ. 50.58. ಕೂದಲೆಳೆ ಅಂತರ. 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ತುಂಬ ಹಿಡಿಸುತ್ತದೆ: ತಾನೇ ಘೋಷಿಸಿಕೊಂಡು ಹೊರಗೆ ಹೋಗುವ ಹಕ್ಕು ಇಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು. ಇಬ್ಬರ ಮೇಲೂ ಹೊಣೆ ಹಾಕಿದ ಮಾತು ಇದು. ಮಾಂಟೆನೆಗ್ರೊ 2006ರಲ್ಲಿ ಶೇ. 55 ದಾಟಬೇಕು ಅಂತ ಮೊದಲೇ ಒಪ್ಪಿಕೊಂಡು ಶೇ. 55.5 ಪಡೆದು ಸರ್ಬಿಯಾದಿಂದ ಬೇರೆಯಾಯಿತು. ಕೆರಿಬಿಯನ್ನಿನ ಪುಟ್ಟ ದ್ವೀಪ ನೆವಿಸ್‌ಗೆ 1998ರಲ್ಲಿ ಮೂರನೇ ಎರಡು ಬೇಕಿತ್ತು, ಸುಮಾರು ಶೇ. 62 ಬಂತು, ಸೇಂಟ್ ಕಿಟ್ಸ್ ಜೊತೆಗೇ ಉಳಿಯಿತು. ಕೆಟಲೋನಿಯಾದಲ್ಲಿ 2017ರಲ್ಲಿ ಶೇ. 90 ಹೌದು ಅಂದರು ಅನ್ನುವುದನ್ನು ಬರೆಯುವವರು, ಮತ ಹಾಕಲು ಬಂದದ್ದು ಶೇ. 43 ಮಾತ್ರ ಅಂತಲೂ ಬರೆಯಬೇಕು, ಮತ ಹಾಕಲು ಬಂದವರನ್ನು ಪೊಲೀಸರು ಬಡಿದರು ಅಂತಲೂ ಬರೆಯಬೇಕು.

ಈ ಹಾಳೆ ಬದಿಗಿಡಬೇಕಾದ ಸಂದರ್ಭ

ಪೂರ್ವ ತಿಮೋರ್ ಅಂಥದ್ದು. 1975ರಲ್ಲಿ ಇಂಡೋನೇಷ್ಯಾ ಸೈನ್ಯ ನುಗ್ಗಿತು, ಹಸಿವಿನಿಂದಲೂ ಗುಂಡಿನಿಂದಲೂ ಲೆಕ್ಕವಿಲ್ಲದಷ್ಟು ಜನ ಸತ್ತರು. 1999ರಲ್ಲಿ ಶೇ. 78.5 ಜನ ಬೇರೆಯಾಗಲು ಮತ ಹಾಕಿದ್ದಕ್ಕೆ ಊರುಗಳನ್ನೇ ಸುಟ್ಟರು. ಅಂಥವರ ಮುಂದೆ ಯಾವ ನಾಣ್ಯ ಬಳಸುತ್ತೀರಿ ಅಂತ ಮೊದಲು ಕೇಳುವುದು ಅನ್ಯಾಯ. ಜೀವ, ಭಾಷೆ, ನೆಲ ಕಿತ್ತುಕೊಳ್ಳುತ್ತಿದ್ದರೆ, ಒಳಗೇ ಇದ್ದು ಸರಿಮಾಡಿಕೊಳ್ಳುವ ಬಾಗಿಲು ಮುಚ್ಚಿದ್ದರೆ, ಬಡತನ ಬಂದರೂ ಹೊರಗೆ ಹೋಗುವುದೇ ಸರಿ. ಅವರು 2002ರಲ್ಲಿ ಸ್ವತಂತ್ರರಾಗಿ ಅಮೆರಿಕದ ಡಾಲರನ್ನೇ ಬಳಸುತ್ತಿದ್ದಾರೆ.

ಚರ್ಚೆ ನಡೆಸುವವರಿಗೆ ಒಂದು ಸಲಹೆ. ನಾಲ್ಕು ಜನ ಕೂತರೆ ಪ್ರತಿಯೊಬ್ಬರೂ ಮೊದಲು ತಮಗೆ ಒಪ್ಪಿಗೆಯಿಲ್ಲದ ಕಡೆ ನಿಂತು ಹತ್ತು ನಿಮಿಷ ಮಾತಾಡಲಿ. ಆಮೇಲೆ ತಮ್ಮ ಕಡೆಗೆ ಬರಲಿ. ಪರೀಕ್ಷೆಯ ಪ್ರಬಂಧಕ್ಕೆ ಇದು ಬಹಳ ಉಪಯೋಗ, ಏಕೆಂದರೆ ಅಲ್ಲಿ ಅಂಕ ಬರುವುದು ಎದುರು ವಾದವನ್ನು ಅದರ ಗಟ್ಟಿ ರೂಪದಲ್ಲಿ ಬರೆದವರಿಗೆ. ಕೊನೆಗೆ ಮಾತ್ರ ಒಂದು ಕಡೆ ನಿಲ್ಲಿ. "ಎರಡೂ ಸರಿ" ಅಂತ ಮುಗಿಸಬೇಡಿ.

ಸ್ಕಾಟ್ಲೆಂಡ್ ಬಗ್ಗೆ ನಾನು ನಿಲ್ಲುವ ಕಡೆ ಹೇಳುತ್ತೇನೆ. 2014ರಲ್ಲಿ ಬೇಡ ಅಂದವರು ಸರಿಯಾಗಿಯೇ ಯೋಚಿಸಿದ್ದರು, ನಾಣ್ಯದ ಪ್ರಶ್ನೆಗೆ ಗಟ್ಟಿ ಉತ್ತರ ಇರಲಿಲ್ಲ, ಅವರಿಗೆ ತಮ್ಮದೇ ಸಂಸತ್ತು 1999ರಿಂದ ಇತ್ತು. ಆದರೆ 2016ರಲ್ಲಿ ಶೇ. 62 ಸ್ಕಾಟರು ಐರೋಪ್ಯ ಒಕ್ಕೂಟದಲ್ಲೇ ಇರೋಣ ಅಂದರೂ ಬ್ರಿಟನ್ ಹೊರಗೆ ಬಂತು, ಅವರನ್ನೂ ಎಳೆದುಕೊಂಡು ಬಂತು. ಒಳಗೇ ಇರುತ್ತೇವೆ ಅಂತ ಅವರು ಒಪ್ಪಿದ ಮನೆಯೇ ಬೇರೆಯಾಯಿತು. ಮತ್ತೆ ಕೇಳುವ ಹಕ್ಕು ಅವರಿಗೆ ಇದೆ ಅಂತಲೇ ನನ್ನ ನಂಬಿಕೆ. 2022ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಲಂಡನ್ ಒಪ್ಪಿಗೆ ಇಲ್ಲದೆ ಸ್ಕಾಟ್ಲೆಂಡಿನ ಸಂಸತ್ತು ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಅಂದಿತು. ಕಾನೂನಿನ ಪ್ರಕಾರ ಅದು ಸರಿ ಇರಬಹುದು. ಹಾಗಾದರೆ ಎಷ್ಟು ವರ್ಷ ಕಳೆದ ಮೇಲೆ, ಯಾವ ಬೆಂಬಲ ಕಂಡ ಮೇಲೆ ಮತ್ತೆ ಕೇಳಬಹುದು ಅಂತ ಲಂಡನ್ ಬರೆದುಕೊಡಬೇಕು, ಎಡಿನ್‌ಬರೋದವರು ಅಷ್ಟರೊಳಗೆ ನಾಣ್ಯ, ಸಾಲ, ಇಂಗ್ಲೆಂಡ್ ಗಡಿ ಈ ಮೂರಕ್ಕೂ ಅಂಕಿಸಂಖ್ಯೆ ಸಮೇತ ಉತ್ತರ ತರಬೇಕು.