ಹೊರಟೇಬಿಡೋಣ ಎಂದಾಗ ಡಿಕ್ಕಿಯಲ್ಲಿ ಏನಿರಬೇಕು?

ಸಂಜೆ ನಾಲ್ಕು ಗಂಟೆಗೆ ‘ಕೆರೆಯ ಕಡೆ ಹೋಗಿ ಬರೋಣವೇ?’ ಎಂದು ಮನೆಯಲ್ಲಿ ಯಾರೋ ಕೇಳುತ್ತಾರೆ. ಎಲ್ಲರೂ ಹೂಂ ಎನ್ನುತ್ತಾರೆ. ಆಮೇಲೆ ಶುರುವಾಗುತ್ತದೆ ನೋಡಿ: ಚಾಪೆ ಅಟ್ಟದ ಮೇಲಿದೆ, ಚಿಕ್ಕವನ ಟೋಪಿ ಕಾಣುತ್ತಿಲ್ಲ, ಚೆಂಡಿಗೆ ಗಾಳಿಯಿಲ್ಲ. ಐದೂವರೆಯಾಗುತ್ತದೆ. ‘ಇನ್ನೇನು ಕತ್ತಲಾಯಿತು, ಬಿಡಿ’ ಎಂಬಲ್ಲಿಗೆ ತಿರುಗಾಟ ಬಾಗಿಲಲ್ಲೇ ಮುಗಿಯುತ್ತದೆ. ಕಾರಿನಲ್ಲೇ ಒಂದು ಪೆಟ್ಟಿಗೆ ಸದಾ ಸಿದ್ಧವಾಗಿದ್ದರೆ ಈ ಒಂದೂವರೆ ಗಂಟೆ ಉಳಿಯುತ್ತದೆ. ಆದರೆ ಅದರೊಳಗೆ ಏನನ್ನು ಇಡಬಾರದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

1. ಡಿಕ್ಕಿ ಖಾಲಿ ಮಾಡಿ

ಪೂರ್ತಿ ಖಾಲಿ. ತಿಂಗಳುಗಟ್ಟಲೆ ಊರು ಸುತ್ತುತ್ತಿರುವ ಹಳೆಯ ಪತ್ರಿಕೆಗಳು, ಯಾರಿಗೋ ಹಿಂತಿರುಗಿಸಬೇಕಾಗಿದ್ದ ಡಬ್ಬ, ಒಂಟಿ ಚಪ್ಪಲಿ ಎಲ್ಲವೂ ಹೊರಗೆ ಬರಲಿ. ಹಾಗೆಯೇ ಸ್ಟೆಪ್ನಿಯ ಗಾಳಿಯನ್ನೂ ನೋಡಿಬಿಡಿ. ಬಹಳಷ್ಟು ಕಾರುಗಳಲ್ಲಿ ಅದು ಡಿಕ್ಕಿಯ ತಳದಲ್ಲೇ ಇರುತ್ತದೆ. ಮೇಲೆ ಸಾಮಾನು ಪೇರಿಸಿದ ಮೇಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

2. ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ 10 ನಿಮಿಷದಲ್ಲೇ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಅರ್ಧ ಗಂಟೆಯಲ್ಲಿ ಆ ಏರಿಕೆ 19 ಡಿಗ್ರಿಯ ಹತ್ತಿರ ಬರುತ್ತದೆ. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೂ ಹೆಚ್ಚಿನ ವ್ಯತ್ಯಾಸವಾಗದು. (ಮಗುವನ್ನು ‘ಎರಡೇ ನಿಮಿಷ’ ಎಂದು ಒಳಗೆ ಬಿಟ್ಟು ಇಳಿಯಬಾರದು ಎನ್ನುವುದು ಇದಕ್ಕೇ.)

ನಾನು ಇದನ್ನು ಕಲಿತದ್ದು ಮೇಣದ ಬಣ್ಣದ ಕಡ್ಡಿಗಳಿಂದ. ದಾರಿಯಲ್ಲಿ ಮಗಳಿಗೆ ಬೇಸರವಾಗದಿರಲಿ ಎಂದು ಹಿಂದಿನ ಸೀಟಿನಲ್ಲಿ ಹನ್ನೆರಡು ಬಣ್ಣದ ಪೊಟ್ಟಣ ಇಟ್ಟಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಪೊಟ್ಟಣದ ಮೂಲೆಯಿಂದ ನೇರಳೆ ಮತ್ತು ಹಸಿರು ಬೆರೆತ ಒಂದು ಧಾರೆ ಸೀಟಿನ ಹೊಲಿಗೆಯ ಗುಂಟ ಇಳಿದು ಹೆಪ್ಪುಗಟ್ಟಿತ್ತು. ಆ ಹೊಲಿಗೆ ಇಂದಿಗೂ ನೇರಳೆ. ಈಗ ಮರದ ಬಣ್ಣದ ಪೆನ್ಸಿಲ್‌ಗಳಿವೆ.

ಮೇಣ ಕರಗಿದರೆ ಕಲೆ ಮಾತ್ರ. ಲೈಟರ್, ಒತ್ತಡ ತುಂಬಿದ ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್ ಇವು ಸಿಡಿಯಬಹುದು ಅಥವಾ ಹೊತ್ತಿಕೊಳ್ಳಬಹುದು, ಕಾರಿನಲ್ಲಿ ಬಿಟ್ಟಿಡಲೇಬೇಡಿ. ಮಾತ್ರೆ, ಔಷಧ, ಸನ್‌ಸ್ಕ್ರೀನ್ ಬಿಸಿಗೆ ಸತ್ವ ಕಳೆದುಕೊಳ್ಳುತ್ತವೆ, ನೋಡಲು ಮಾತ್ರ ಹಾಗೆಯೇ ಇರುತ್ತವೆ.

3. ಎರಡು ಪಾಲು ಮಾಡಿ

ಬಿಸಿ ತಡೆಯುವ ಸಾಮಾನು ಡಿಕ್ಕಿಗೆ. ತಡೆಯದ್ದು ಮನೆಯ ಬಾಗಿಲ ಬಳಿ ಮೊಳೆಗೆ ನೇತುಹಾಕಿದ ಚೀಲಕ್ಕೆ: ಔಷಧ, ಪವರ್ ಬ್ಯಾಂಕ್, ತಿನಿಸು, ಸನ್‌ಸ್ಕ್ರೀನ್. ಕುಡಿಯುವ ನೀರನ್ನು ಹೊರಡುವಾಗ ಹೊಸದಾಗಿ ತುಂಬಿಸಿಕೊಳ್ಳಿ; ಖಾಲಿ ಬಾಟಲಿಗಳು ಆ ಚೀಲದಲ್ಲೇ ಇರಲಿ. ಕೀಲಿಕೈಯನ್ನೂ ಅದೇ ಮೊಳೆಗೆ ಹಾಕಿದರೆ ಚೀಲ ಮರೆಯುವ ಮಾತೇ ಇಲ್ಲ.

4. ಪೆಟ್ಟಿಗೆ ತುಂಬಿಸಿ

ಮುಚ್ಚಳವಿರುವ, ಒಬ್ಬರೇ ಎತ್ತಬಲ್ಲ ಪೆಟ್ಟಿಗೆ ಸಾಕು. ತಳದಲ್ಲಿ ಚಾಪೆ, ಅದರ ಜೊತೆಗೊಂದು ಪ್ಲಾಸ್ಟಿಕ್ ಹಾಳೆ. ಹುಲ್ಲು ಒಣಗಿದಂತೆ ಕಂಡರೂ ಕುಳಿತ ಹತ್ತು ನಿಮಿಷಕ್ಕೆ ಬಟ್ಟೆ ತೇವವಾಗುತ್ತದೆ, ಹಾಳೆ ಕೆಳಗಿದ್ದರೆ ಆ ತೊಂದರೆಯಿಲ್ಲ. ತಲೆಗೊಂದು ಟೋಪಿ, ಎರಡು ಟವೆಲ್, ಕೊಡೆ, ಬ್ಯಾಂಡೇಜ್ ಪಟ್ಟಿ ಮತ್ತು ಹತ್ತಿ, ಟಾರ್ಚ್, ಕಸಕ್ಕೂ ಒದ್ದೆ ಬಟ್ಟೆಗೂ ಆಗುವ ನಾಲ್ಕಾರು ಚೀಲ. ಟಾರ್ಚಿನ ಸೆಲ್‌ಗಳನ್ನು ಹೊರತೆಗೆದು ಬೇರೆ ಕಟ್ಟಿಡಿ. ಒಳಗೇ ಉಳಿದರೆ ಸೋರಿ ಟಾರ್ಚೇ ಹಾಳಾಗುತ್ತದೆ. ಆಟಕ್ಕೆ ಒಂದು ಚೆಂಡು, ಒಂದು ಹಗ್ಗ. ಇದಕ್ಕಿಂತ ಹೆಚ್ಚು ಆಟಿಕೆ ಒಯ್ದ ಮಕ್ಕಳು ಕಲ್ಲು, ಕಡ್ಡಿ, ನೀರು ಯಾವುದನ್ನೂ ನೋಡದೆ ಆಟಿಕೆಗೇ ಜಗಳವಾಡುತ್ತಾರೆ. ಇದು ನನ್ನ ಅನುಭವ, ನಿಮ್ಮ ಮಕ್ಕಳು ಬೇರೆಯೇ ಇರಬಹುದು.

ಮಕ್ಕಳಿಗೆ ಒಂದೊಂದು ಜೊತೆ ಬದಲಿ ಬಟ್ಟೆ ಮರೆಯಬೇಡಿ, ಒಳಉಡುಪು, ಕಾಲುಚೀಲ ಸೇರಿಸಿ. ಎಲ್ಲರೂ ಒಯ್ಯದೇ ಹೋಗುವುದು ದೊಡ್ಡವರ ಬಟ್ಟೆ. ನೀರಿಗೆ ಜಾರಿದ ಮಗುವನ್ನು ಎತ್ತಲು ಇಳಿಯುವವರು ಯಾರು?

5. ಅಲುಗಾಡದಂತೆ ಇಡಿ

ಪೆಟ್ಟಿಗೆಯನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ತಳಕ್ಕೆ ಇಟ್ಟು ಪಟ್ಟಿಯಿಂದ ಬಿಗಿಯಿರಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಯಾವುದಕ್ಕಾದರೂ ಗುದ್ದಿ ನಿಂತರೆ ಒಳಗಿನ ಬಿಡಿ ವಸ್ತು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಹಿಂಬದಿ ಗಾಜಿನ ಕೆಳಗಿನ ಹಲಗೆಯ ಮೇಲೆ ಕೊಡೆ, ಬಾಟಲಿ ಇಡುವ ಅಭ್ಯಾಸವಿದ್ದರೆ ಬಿಡಿ. ಚಾಲಕರ ಕಾಲ ಬಳಿ ಏನೂ ಇರಕೂಡದು; ಉರುಳಿದ ಬಾಟಲಿ ಬ್ರೇಕ್ ಪೆಡಲ್‌ನ ಕೆಳಗೆ ಸಿಕ್ಕಿಕೊಂಡರೆ ಬ್ರೇಕ್ ಒತ್ತಲಾಗುವುದಿಲ್ಲ.

6. ಮರಳಿದ ರಾತ್ರಿಯೇ ತುಂಬಿಸಿ

ಪೆಟ್ಟಿಗೆ ಕೆಡುವುದು ಇಲ್ಲಿ. ಒದ್ದೆ ಟವೆಲ್ ಒಳಗೇ ಉಳಿದರೆ ಒಂದೆರಡು ದಿನದಲ್ಲಿ ಮುಗ್ಗುಲು ವಾಸನೆ ಚಾಪೆಗೂ ಹತ್ತುತ್ತದೆ. ಒದ್ದೆಯಾದದ್ದು, ಕೊಳೆಯಾದದ್ದು ಅಂದೇ ಮನೆಯೊಳಕ್ಕೆ ಬರಬೇಕು. ಆರು ತಿಂಗಳಿಗೊಮ್ಮೆ ಮಕ್ಕಳ ಬಟ್ಟೆಯ ಅಳತೆ ನೋಡಿ. ಕಳೆದ ವರ್ಷದ ಚಡ್ಡಿ ಈ ವರ್ಷದ ಮಗನಿಗೆ ಮೊಣಕಾಲ ಮೇಲೆ ಏರುವುದೇ ಇಲ್ಲ.

ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ, ಬಳಸಿ ಮುಗಿದದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ತುಂಬಿಸಿದ ಮೇಲೆ ಅಳಿಸಿದರಾಯಿತು. ನಮ್ಮ ಚೀಟಿಯಲ್ಲಿ ಸದ್ಯ ಎರಡು ಬಾಕಿ ಇವೆ: ಹತ್ತಿ ಮತ್ತು ನನ್ನ ಪ್ಯಾಂಟು.