ಬಿಳಿ ಮದುವೆ ಗೌನನ್ನು ಓದುವ ಬಗೆ

ಇಂಗ್ಲೆಂಡಿನ ಹಳೆಯ ಮದುವೆಯ ಫೋಟೋ ಕೈಗೆ ಸಿಕ್ಕಾಗ, ಅಥವಾ ವಸ್ತುಸಂಗ್ರಹಾಲಯದಲ್ಲಿ ಮದುಮಗಳ ಗೌನೊಂದರ ಮುಂದೆ ನಿಂತಾಗ, ಅದರ ಅಂದವನ್ನಷ್ಟೇ ನೋಡಿ ಮುಂದೆ ಸಾಗದೆ, ಆ ಉಡುಪು ನೆರೆದವರಿಗೆ ಏನನ್ನು ತಿಳಿಸುತ್ತಿತ್ತು ಎಂದು ಕೇಳಿಕೊಳ್ಳಬೇಕು.

ಮೊದಲು ಬಣ್ಣವನ್ನು ಗಮನಿಸಿ. ಆದರೆ ಬಿಳಿಯೆಂದರೆ ಪಾವಿತ್ರ್ಯವೆಂಬ ತೀರ್ಮಾನಕ್ಕೆ ಆತುರಪಡಬೇಡಿ. ಒಗೆಯುವುದೇ ದೊಡ್ಡ ಕೆಲಸವಾಗಿದ್ದ ಕಾಲದಲ್ಲಿ, ಸುಲಭವಾಗಿ ಕೊಳೆಯಾಗುವ ಬಿಳಿ ರೇಷ್ಮೆ ಸಾರುತ್ತಿದ್ದುದು ಮುಖ್ಯವಾಗಿ ಮನೆತನದ ಸಿರಿಯನ್ನು. ದುಡಿದು ಬದುಕುವ ಮನೆಗಳ ಹೆಣ್ಣುಮಕ್ಕಳು ಕಂದು, ನೀಲಿ ಅಥವಾ ಬೂದು ಬಣ್ಣದ ಒಳ್ಳೆಯ ಉಡುಪಿನಲ್ಲಿ ಮದುವೆಯಾಗಿ, ಮುಂದೆ ಭಾನುವಾರಗಳಲ್ಲಿ ಚರ್ಚಿಗೆ ಅದನ್ನೇ ತೊಡುತ್ತಿದ್ದರು. ಆದ್ದರಿಂದ ಉಡುಪು ಗಾಢ ಬಣ್ಣದ್ದೆಂಬ ಕಾರಣಕ್ಕೆ ಅದು ಮದುವೆಯ ಚಿತ್ರವಲ್ಲವೆಂದು ಬದಿಗಿಡಬೇಡಿ. ಮರುಮದುವೆಯಾಗುವ ವಿಧವೆಯು ಬಿಳಿ ಬಣ್ಣ, ಮುಸುಕು ಮತ್ತು ಕಿತ್ತಳೆ ಗಿಡದ ಹೂವುಗಳನ್ನು ಬಿಟ್ಟು ಬೂದು ಅಥವಾ ತಿಳಿನೇರಳೆ ತೊಡುವುದು ವಿಕ್ಟೋರಿಯಾ ಕಾಲದ ಶಿಷ್ಟಾಚಾರವಾಗಿತ್ತು.

ಅನಂತರ ಬಟ್ಟೆ ಮತ್ತು ಲೇಸು ಎಲ್ಲಿಂದ ಬಂದವೆಂದು ವಿಚಾರಿಸಿ. ನನ್ನ ಮಟ್ಟಿಗೆ ಹೆಚ್ಚು ಸಂಗತಿ ಹೊರಬೀಳುವುದು ಇಲ್ಲಿಯೇ. 1840ರ ಫೆಬ್ರವರಿ 10ರಂದು ರಾಣಿ ವಿಕ್ಟೋರಿಯಾ ತನ್ನ ಮದುವೆಗೆ ತೊಟ್ಟ ಗೌನಿನ ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರದು, ಲೇಸು ಡೆವನ್ ಪ್ರಾಂತ್ಯದ ಹೆಂಗಸರ ಕೈಕೆಲಸ. ಯಂತ್ರದ ಲೇಸು ಅವರ ಅನ್ನವನ್ನು ಕಸಿಯುತ್ತಿದ್ದಾಗ, ದೇಶದ ಕೈಕಸುಬಿಗೆ ರಾಣಿಯ ಬೆಂಬಲವಿದೆಯೆಂದು ಆ ಉಡುಪು ಬಹಿರಂಗವಾಗಿ ಹೇಳಿತು. ರಾಣಿ ಆ ಲೇಸನ್ನು ಮುಂದೆಯೂ ಹಲವು ಬಾರಿ ಧರಿಸಿದಳು. ಅವಳ ಮದುವೆಯ ಮುಸುಕನ್ನು ಕಿರಿಯ ಮಗಳು ಬಿಯಾಟ್ರಿಸ್ 1885ರಲ್ಲಿ ತನ್ನ ಮದುವೆಗೆ ತೊಟ್ಟಳು. ಹೀಗಾಗಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತು, ಉಡುಪಿಗಿಂತ ಹಳೆಯದಾಗಿ ಕಾಣುವ ಲೇಸು ಕಂಡರೆ ಅದನ್ನು ಬಡತನದ ಲಕ್ಷಣವೆಂದು ತಿಳಿಯದೆ, ತಾಯಿಯಿಂದ ಮಗಳಿಗೆ ಬಂದ ಬಳುವಳಿಯಿರಬಹುದೇ ಎಂದು ಪರಿಶೀಲಿಸಿ.

ಇಸವಿಯನ್ನೂ ಮರೆಯಬೇಡಿ. 1947ರಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿದ್ದುದರಿಂದ ಮುಂದೆ ರಾಣಿಯಾದ ರಾಜಕುಮಾರಿ ಎಲಿಜಬೆತ್‌ಗೂ ತನ್ನ ಮದುವೆಯ ಗೌನಿಗೆ ಪಡಿತರದ ಕೂಪನ್ ಬೇಕಾಯಿತು. ಅಕ್ಕರೆಯಿಂದ ಜನ ಕಳುಹಿಸಿದ ತಮ್ಮ ಕೂಪನ್ನುಗಳನ್ನು, ಇನ್ನೊಬ್ಬರಿಗೆ ಕೊಡುವುದು ಕಾನೂನುಬಾಹಿರವಾದ್ದರಿಂದ, ಹಿಂತಿರುಗಿಸಬೇಕಾಯಿತು.

ಮಂಗಳೂರಿನ ಕ್ಯಾಥೋಲಿಕ್ ಮನೆಯ ಆಲ್ಬಮ್ಮನ್ನು ಇದೇ ಬಗೆಯಲ್ಲಿ ನೋಡುವುದಾದರೆ, ಚರ್ಚಿನ ಬಿಳಿಯುಡುಪಿನ ಚಿತ್ರಕ್ಕೆ ನಿಲ್ಲದೆ, ವರನ ಕಡೆಯವರು ಕೊಡುವ ಕೆಂಪು ಸಾಡೊ ಸೀರೆಯುಟ್ಟ ಚಿತ್ರವನ್ನೂ ಹುಡುಕಿ. ವಧು ಗಂಡನ ಮನೆತನಕ್ಕೆ ಸೇರಿದುದನ್ನು ನೆಂಟರಿಗೆ ತಿಳಿಸುವುದು ಆ ಸೀರೆ.